ಒಂದು ನಿಮಿಷ ಹನ್ನೆರಡು ಸೆಕೆಂಡು

ಸೆಪ್ಟೆಂಬರ್ ೧೪, ಭಾನುವಾರ ಬೆಳಿಗ್ಗೆ

ನನ್ನ ಮರಿಗೆ,

ಈ ಕಾಗದ ಕೈಸೇರುವ ಹೊತ್ತಿಗೆ ನೀನು ಯಾವ ಊರಿನ ಯಾವ ವೇದಿಕೆಯ ಹಿಂದೆ ಇರುತ್ತೀಯೋ ಗೊತ್ತಿಲ್ಲ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಂಡಿದ್ದೀಯ, ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ತಿರುಗುತ್ತಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಆದರೆ ನಿನ್ನ ಅಪ್ಪ ಎದುರಿಗೇ ಕೂತಿದ್ದಾರೆ, ನಾನು ಸುಳ್ಳು ಬರೆದರೆ ಅವರಿಗೆ ಕೆಮ್ಮು ಬರುತ್ತದೆ.

ಬರೆಯದೆ ಮೂರು ತಿಂಗಳಾಯಿತು. ಕೆಲಸ ಜಾಸ್ತಿ ಇತ್ತು ಎಂದರೆ ನೀನು ನಗುತ್ತೀಯ, ಲಾಂಡ್ರಿಯಲ್ಲಿ ಕೆಲಸ ಯಾವತ್ತು ಕಮ್ಮಿ ಇತ್ತು? ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದಿದ್ದೇನೆ. ತಪ್ಪು ಮಾಡಿದವಳಿಗೆ ಮೊದಲ ಸಾಲು ಸಿಗುವುದೇ ಕಷ್ಟ. ಕ್ಷಮೆಯನ್ನು ಇಲ್ಲೇ ಕೇಳಿಬಿಡುತ್ತೇನೆ, ಯಾತಕ್ಕೆ ಎಂದು ಆಮೇಲೆ ಹೇಳುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಮ್ಮಿಬ್ಬರ ಸಂಗತಿ ನಿನಗೆ ಗೊತ್ತೇ ಇದೆ. ನೀನು ಮೊದಲ ಅಕ್ಷರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾನು ನಿನ್ನ ವಾಕ್ಯ ಮುಗಿಸಿ, ಅದಕ್ಕೆ ಉತ್ತರ ಕೊಟ್ಟು, ಜಗಳಕ್ಕೂ ನಿಂತಿರುತ್ತೇನೆ. ಉಗ್ಗು ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ, ‘ಸಿಕ್ಕಿಹಾಕಿಕೊಂಡಿತು’ ಎನ್ನುತ್ತಿದ್ದೆವು. ನಿನಗೆ ಮಾತು ಸಿಕ್ಕಿಹಾಕಿಕೊಂಡಾಗಲೆಲ್ಲ ಬಿಡಿಸುವುದು ನನ್ನ ಕೆಲಸ ಎಂದುಕೊಂಡು ಇಪ್ಪತ್ತೇಳು ವರ್ಷ ಕಳೆದೆ. ಕಾಗದದಲ್ಲಾದರೆ ನೀನು ಓದುವಾಗ ನಾನು ಅಲ್ಲಿ ಇರುವುದಿಲ್ಲ, ಅಷ್ಟರಮಟ್ಟಿಗೆ ನಿನಗೆ ನೆಮ್ಮದಿ.

ಮೊದಲು ಮನೆಯ ಸುದ್ದಿ. ಅಪ್ಪನ ಕಣ್ಣಿನ ಪೊರೆ ತೆಗೆಸಿ ಹದಿನೆಂಟು ದಿನವಾಯಿತು. ಚೆನ್ನಾಗಿಯೇ ಆಗಿದೆ. ಡಾಕ್ಟರು ಪೇಪರ್ ಓದಬೇಡಿ, ಟಿವಿ ನೋಡಬೇಡಿ, ಬಗ್ಗಬೇಡಿ ಎಂದಿದ್ದಾರೆ. ಮೂರನೆಯದನ್ನು ಮಾತ್ರ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ, ಬಿದ್ದ ಚಮಚವನ್ನೂ ಎತ್ತುವುದಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬಿಡುಗಡೆಯ ದಿನವೇ ತಮ್ಮ ಫೋನಿಗೆ ಇಳಿಸಿಟ್ಟುಕೊಂಡ ನಿನ್ನ ಆಲ್ಬಂ ಇಡೀ ದಿನ ಕೇಳುತ್ತಾರೆ. ಕೇಳಿ ಏನೂ ಹೇಳುವುದಿಲ್ಲ. ಮೊನ್ನೆ ಮಾತ್ರ, ‘ಇವಳೇ, ನೀನು ಕೇಳಿದೀಯಾ?’ ಅಂದರು. ನಾನು ಕುಕ್ಕರ್ ಕೂಗಿತು ಎಂದು ಎದ್ದು ಹೋದೆ. ಕುಕ್ಕರ್ ಇಟ್ಟಿರಲೇ ಇಲ್ಲ.

ಈಗ ನಿನ್ನ ಆಲ್ಬಮ್ಮಿನ ವಿಷಯ. ನಿನ್ನ ಕಡೆಯ ಕಥೆ ನಿನಗೆ ಗೊತ್ತು, ನಮ್ಮ ಕಡೆಯದನ್ನು ಕೇಳು. ನಮ್ಮ ಲಾಂಡ್ರಿ ಇರುವ ಹೋಟೆಲಿನ ಹಿಂಬಾಗಿಲಿನ ಎದುರಿಗಿರುವ ಬಸ್ ನಿಲ್ದಾಣದಲ್ಲಿ ನಿನ್ನ ಮುಖವನ್ನು ಆಳೆತ್ತರಕ್ಕೆ ಅಂಟಿಸಿದ್ದರು. ಗಲ್ಲದ ಕೆಳಗೆ ಆ ದೊಡ್ಡ ಕಂಪನಿಯ ಗುರುತು. ಹತ್ತು ವರ್ಷ ಸ್ನೇಹಿತರ ರೂಮುಗಳಲ್ಲಿ ಗೋಡೆಗೆ ಕಂಬಳಿ ನೇತುಹಾಕಿ ರ‍್ಯಾಪ್ ಮಾಡಿದವಳು ನೀನು. ಲಾಂಡ್ರಿಯ ಹೆಂಗಸರೆಲ್ಲ ಏಪ್ರನ್ ಕೂಡ ಕಳಚದೆ ಹೋಗಿ ನೋಡಿ ಬಂದೆವು. ರೋಲರ್ ಇಸ್ತ್ರಿಗೆ ಹಾಸಿಗೆ ಚಾದರ ಕೊಡುವಾಗ ಈ ತುದಿ ನಾನು ಹಿಡಿದರೆ ಆ ತುದಿ ಹಿಡಿಯುತ್ತಾಳಲ್ಲ ನಮ್ಮ ಉದ್ದಕ್ಕ, ಅವಳು ಪೋಸ್ಟರಿನ ಮುಂದೆ ನಿಂತು, ಮೂಗು ಥೇಟ್ ನಿಂದೇ ಕಣೇ ಎಂದಳು. ಮೂಗು ಮಾತ್ರವಲ್ಲ, ಮೊಂಡುತನವೂ ನನ್ನದೇ ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವಳು ಗೊಣಗಿದಳು. ಆ ದಿನ ಏನು ಅಂದಿದ್ದರೂ ನನಗೆ ಸಿಟ್ಟು ಬರುತ್ತಿರಲಿಲ್ಲ.

ಒಂದು ಪತ್ರಿಕೆ ಹೊಸ ದನಿ ಎಂದು ಹೊಗಳಿತು. ಇನ್ನೊಂದು, ದೊಡ್ಡ ಕಂಪನಿಯ ಕೈಗೆ ಸಿಕ್ಕಿ ಹುಡುಗಿಯ ಅಂಚೆಲ್ಲ ಸವೆದಿದೆ ಎಂದಿತು. ಮೂರನೆಯದು ನೀನು ಬೀದಿಯಲ್ಲಿ ತಾಳ ಕಲಿತೆ ಎಂದು ಬರೆಯಿತು. ಬೀದಿಗೆ ನಾನು ಬಿಟ್ಟಿದ್ದರೆ ತಾನೆ? ದಿನಾ ಶಾಲೆ ಬಿಟ್ಟ ಮೇಲೆ ನೀನು ಲಾಂಡ್ರಿಗೆ ಬಂದು ಮಡಿಸಿದ ಟವೆಲ್ಲುಗಳ ರಾಶಿಯ ಮೇಲೆ ಕೂರುತ್ತಿದ್ದೆ. ಒಂದು ದಿನ ಒಣಗಿಸುವ ಯಂತ್ರದೊಳಗೆ ಯಾರದೋ ಕೋಟಿನ ಗುಂಡಿ ಬಡಿಯುತ್ತಿತ್ತು. ಆ ಬಡಿತಕ್ಕೆ ಸರಿಯಾಗಿ ನೀನು ಪಾಠದ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ, ಒಂದು ಅಕ್ಷರವೂ ಸಿಕ್ಕಿಹಾಕಿಕೊಳ್ಳಲಿಲ್ಲ. ನಾವೆಲ್ಲ ಕೈಯಲ್ಲಿದ್ದ ಚಾದರ ಬಿಟ್ಟು ನಿಂತೆವು. ರೋಲರಿನಲ್ಲಿ ಎರಡು ಚಾದರ ಸುಟ್ಟವು. ಇದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ, ಯಾರೂ ನಮ್ಮನ್ನು ಕೇಳಲೂ ಇಲ್ಲ.

ಜನ ಹೆಚ್ಚು ಕೇಳಿದವುಗಳ ಪಟ್ಟಿಯಲ್ಲಿ ಮೊದಲ ವಾರ ಆಲ್ಬಂ ನಲವತ್ತಮೂರನೆಯದು. ಎರಡನೇ ವಾರ ಅರವತ್ತು. ಆಗ ನೀನು ಅಪ್ಪನಿಗೆ ಫೋನ್ ಮಾಡಿ, ಆರು ವಾರದೊಳಗೆ ಒಂದು ಹಾಡಾದರೂ ಮೊದಲ ಹತ್ತರೊಳಗೆ ಬರದಿದ್ದರೆ ಎರಡನೇ ಆಲ್ಬಂ ಮಾಡಿಸುವುದು ಅನುಮಾನ ಎಂದು ಕಂಪನಿಯವರು ಹೇಳಿದ್ದಾರೆ ಎಂದೆ. ಅಪ್ಪ ಅದನ್ನು ನನಗೆ ಹೇಳಬಾರದಿತ್ತು. ಹೇಳಿದರು. ಮಾರನೇ ದಿನ ಬೆಳಿಗ್ಗೆ ಚಾದರದ ಆ ತುದಿಯಿಂದ ಉದ್ದಕ್ಕ, ಯಾಕೆ ಮುಖ ಹಿಂಡಿದ ಬಟ್ಟೆ ಹಾಗಾಗಿದೆ ಎಂದು ಕೇಳಿದಳು. ನಾನು ಹೇಳಿದೆ. ಅಲ್ಲಿಂದ ಶುರುವಾಯಿತು ಎಲ್ಲ.

ನಮಗೆ ಗೊತ್ತಿರುವುದು ಒಂದೇ ವಿದ್ಯೆ, ಲೆಕ್ಕ ಮುಗಿಸುವುದು. ಬೆಳಿಗ್ಗೆ ಎಂಟುನೂರು ಚಾದರ ಎಂದರೆ ಮಧ್ಯಾಹ್ನಕ್ಕೆ ಎಂಟುನೂರು ಚಾದರ. ಒಂದು ಹಾಡು ಇಷ್ಟು ಲಕ್ಷ ಸಲ ಓಡಬೇಕು ಎಂದರೆ ಓಡಿಸಿದರಾಯಿತು, ಅದರಲ್ಲೇನು? ಎರಡು ಪಾಳಿಯ ಹೆಂಗಸರ ಫೋನು ಸೇರಿ ಹದಿನೇಳಾದವು. ಮೂಲೆ ಅಂಗಡಿಯ ಮೊಬೈಲ್ ರಿಪೇರಿಯವನು ನಿನ್ನ ಅಭಿಮಾನಿಯಂತೆ, ಯಾರೂ ವಾಪಸು ಒಯ್ಯದ ಹದಿನಾಲ್ಕು ಹಳೇ ಫೋನು ಕೊಟ್ಟ. ಮೂವತ್ತೊಂದು ಫೋನನ್ನು ಮೇಜುಬಟ್ಟೆ ಇಡುವ ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ಜೋಡಿಸಿದೆವು. ಯಾವ ಹಾಡು ಎಂಬ ಪ್ರಶ್ನೆ ಬಂತು. ದಪ್ಪ ಟವೆಲ್ ಒಣಗಲು ಮುಕ್ಕಾಲು ಗಂಟೆ ಬೇಕು, ಕರವಸ್ತ್ರಕ್ಕೆ ಐದು ನಿಮಿಷ ಸಾಕು. ಹಾಗಾಗಿ ಇರುವುದರಲ್ಲಿ ಚಿಕ್ಕದನ್ನು ಆರಿಸಿದೆ, ನಾನೇ ಆರಿಸಿದ್ದು. ಮೊಟ್ಟಮೊದಲನೆಯದು, ಹೆಸರಿಲ್ಲದ್ದು. ಒಂದು ನಿಮಿಷ ಹನ್ನೆರಡು ಸೆಕೆಂಡು. ಅದನ್ನೇ ಮತ್ತೆ ಮತ್ತೆ ಓಡುವ ಹಾಗೆ ಮಾಡಿ, ಸೂಪರ್‌ವೈಸರಿಗೆ ಕೇಳಿಸಬಾರದೆಂದು ಎಲ್ಲ ಫೋನಿನ ಸದ್ದನ್ನು ಸೊನ್ನೆಗೆ ಇಳಿಸಿ, ಬೀರು ಮುಚ್ಚಿ ಕೆಲಸಕ್ಕೆ ನಿಂತೆವು.

ಹನ್ನೆರಡು ದಿನಕ್ಕೆ ಹತ್ತಿರ ಹತ್ತಿರ ಮೂರು ಲಕ್ಷ. ಉದ್ದಕ್ಕ ಚಾದರದ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕುತ್ತಿದ್ದಳು. ನಿನ್ನ ಆ ಚಿಕ್ಕ ತುಣುಕು ಪಟ್ಟಿಯಲ್ಲಿ ಎಂಟನೆಯದಾಯಿತು. ಪತ್ರಿಕೆಗಳು ಅದರ ಬಗ್ಗೆ ಏನೇನೋ ಬರೆದವು, ಧೈರ್ಯ ಎಂದು ಒಬ್ಬರು, ಮೋಸ ಎಂದು ಒಬ್ಬರು. ನಾನು ಓದಲಿಲ್ಲ, ಅಂಕಿ ಮಾತ್ರ ನೋಡಿದೆ. ಲಾಂಡ್ರಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಇಷ್ಟು ದಿನ ಮಗಳ ಮಾತು ಮುಗಿಸುತ್ತಿದ್ದೆ, ಈಗ ಅವಳ ಕೆಲಸವನ್ನೂ ಮುಗಿಸಿಕೊಟ್ಟೆ ಎಂದು ಬೀಗಿದೆ. ಆ ಹನ್ನೆರಡು ದಿನ ನನಗೆ ತುಂಬ ಸುಖವಾಗಿತ್ತು, ಮರಿ, ಅದನ್ನು ಮುಚ್ಚಿಡುವುದಿಲ್ಲ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಯಾವ ಹಾಡು ಎಷ್ಟು ಸಲ ಓಡಿತು ಎಂದು ಎಣಿಸುವವರು ನಮ್ಮಷ್ಟು ದಡ್ಡರಲ್ಲ. ಇಷ್ಟೂ ಒಂದೇ ಬೀದಿಯಿಂದ ಬಂದಿದೆ, ಎರಡು ಪಾಳಿಯ ಹೊತ್ತಿಗೆ ಸರಿಯಾಗಿ ಶುರುವಾಗಿ ನಿಲ್ಲುತ್ತದೆ, ಸದ್ದು ಸೊನ್ನೆ ಎಂದು ಕಂಡುಹಿಡಿದರು. ಇಡೀ ತುಣುಕನ್ನೇ ಪಟ್ಟಿಯಿಂದ ಹೊಡೆದುಹಾಕಿ, ಆಲ್ಬಮ್ಮಿನಿಂದಲೂ ತೆಗೆದರು. ನೀನು ಕಿವಿಗಳನ್ನು ಕೊಂಡುಕೊಂಡಿದ್ದೀಯ ಎಂದು ನಿನ್ನ ಜೊತೆಯ ರ‍್ಯಾಪರುಗಳೇ ಹಾಡು ಕಟ್ಟಿ ಆಡಿಕೊಂಡರು. ಎರಡು ಊರಿನ ಕಾರ್ಯಕ್ರಮ ರದ್ದಾದವು, ಆಲ್ಬಂ ಪಟ್ಟಿಯ ತಳ ಸೇರಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕೆಲಸ. ಆ ಹದಿನಾಲ್ಕು ಹಳೇ ಫೋನುಗಳನ್ನು ಒಂದು ದಿಂಬಿನ ಚೀಲದಲ್ಲಿ ತುಂಬಿ ರಿಪೇರಿಯವನಿಗೆ ಕೊಟ್ಟು ಬಂದೆ. ಅವನ ಮುಖ ನೋಡಲಿಲ್ಲ.

ಆ ದಿನವೇ ಹೇಳಬೇಕಿತ್ತು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುತ್ತಾರಲ್ಲ, ಫೋನ್ ಬಡಿದರೆ ನೀನೇ ಇರಬೇಕೆಂದು ಅಪ್ಪನ ಕೈಗೆ ಕೊಡುತ್ತಿದ್ದೆ. ನಿನ್ನ ಹೆಸರು ಕೆಡುತ್ತಿದ್ದದ್ದು ದಿನಾ ಕಣ್ಣಿಗೆ ಬೀಳುತ್ತಿತ್ತು. ಬಸ್ ನಿಲ್ದಾಣದ ನಿನ್ನ ಮುಖದ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ ‘ನಕಲಿ’ ಎಂದು ಗೀಚಿದ್ದರು. ಉದ್ದಕ್ಕ ಮತ್ತು ನಾನು ಸೋಪಿನ ನೀರು ತಂದು ಉಜ್ಜಿದೆವು. ನಲವತ್ತು ವರ್ಷ ಕಲೆ ತೆಗೆದ ಕೈ ಇದು, ಆದರೂ ಅದು ಹೋಗಲಿಲ್ಲ. ಉಜ್ಜಿದಷ್ಟೂ ನಿನ್ನ ಗಲ್ಲವೇ ಕಿತ್ತು ಬಂತು. ಉದ್ದಕ್ಕ ಬಟ್ಟೆ ಕೆಳಗಿಟ್ಟು, ‘ಇದು ಇಲ್ಲಿ ತೊಳೆದ್ರೆ ಹೋಗಲ್ಲ ಕಣೇ. ಹೋಗಿ ಹೇಳು’ ಅಂದಳು.

ಕಳೆದ ಗುರುವಾರ ರಜೆ ಹಾಕಿ ಕಂಪನಿಯ ಆಫೀಸಿಗೆ ಹೋದೆ. ಒಳಗೆ ಬಿಡಲು ಒಂದು ಗಂಟೆ ಕಾಯಿಸಿದರು. ಕೂತ ಕೋಣೆಯ ಮೇಜುಬಟ್ಟೆಯನ್ನು ಅಡ್ಡಡ್ಡ ಇಸ್ತ್ರಿ ಮಾಡಿದ್ದರು, ಮೂಲೆಯಲ್ಲಿ ಸುಕ್ಕು. ಇಷ್ಟು ದೊಡ್ಡ ಕಂಪನಿ, ಒಂದು ಮೇಜುಬಟ್ಟೆ ನೆಟ್ಟಗಿಲ್ಲವಲ್ಲ ಎಂದು ಸ್ವಲ್ಪ ಧೈರ್ಯ ಬಂತು. ನಿನ್ನ ಆಲ್ಬಂ ನೋಡಿಕೊಳ್ಳುವ ಗುಂಗುರು ಕೂದಲಿನ ಹೆಂಗಸು ಬಂದು ಕೂತರು. ನಾನು ಬೀರು, ಫೋನು, ಪಾಳಿ, ಕರವಸ್ತ್ರದ ಲೆಕ್ಕ, ಎಲ್ಲ ಹೇಳಿದೆ. ಉದ್ದಕ್ಕನ ಗೀಟಿನ ಪುಟವನ್ನೂ ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ನಗುತ್ತಾರೋ ಬಯ್ಯುತ್ತಾರೋ ಎಂದು ಕಾದೆ, ಎರಡೂ ಮಾಡಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಎಣಿಸುವವರು ಕೊಟ್ಟ ನಕ್ಷೆಯನ್ನು ಮೊದಲ ದಿನವೇ ನಿನಗೆ ತೋರಿಸಿದ್ದರಂತೆ. ಹೋಟೆಲಿನ ಹಿಂದಿನ ಬೀದಿ ಅದರಲ್ಲಿ ಕೆಂಪಗೆ ಗುರುತಾಗಿತ್ತಂತೆ. ಈ ಜಾಗ ಗೊತ್ತಾ ಎಂದು ಕೇಳಿದರೆ ನೀನು ಗೊತ್ತಿಲ್ಲ ಎಂದೆಯಂತೆ. ಯಾರ ಮೇಲಾದರೂ ಅನುಮಾನ ಇದೆಯಾ ಎಂದರೆ ಇಲ್ಲವೆಂದು ತಲೆಯಾಡಿಸಿದೆಯಂತೆ. ‘ಒಂದು ಹೆಸರು ಹೇಳಿದ್ರೆ ಅವತ್ತೇ ಮುಗೀತಿತ್ತು. ಹೇಳ್ಲಿಲ್ಲ’ ಎಂದರು ಅವರು.

ಬರೆದು ಸಹಿ ಮಾಡಿಕೊಟ್ಟೆ. ನಿನಗೆ ಇದರಲ್ಲಿ ಕೈಯಿಲ್ಲ, ಮಾಡಿದವಳು ತಾಯಿ ಎಂದು ಕಂಪನಿ ಪ್ರಕಟಿಸುತ್ತದೆ, ಆ ತುಣುಕನ್ನು ಆಲ್ಬಮ್ಮಿಗೆ ಮತ್ತೆ ಸೇರಿಸುತ್ತದೆ. ಎರಡನೇ ಆಲ್ಬಂ ಬಗ್ಗೆ ಕೇಳಿದೆ, ಮಾತು ಕೊಡಲಿಲ್ಲ. ನೋಡೋಣ ಎಂದರು. ನಮ್ಮದನ್ನೆಲ್ಲ ಕಳೆದ ಮೇಲೆ ಆ ತುಣುಕನ್ನು ನಿಜವಾಗಿ ಕೇಳಿದವರು ನಾಲ್ಕು ಸಾವಿರದ ನೂರ ಹನ್ನೆರಡು ಮಂದಿ, ಹೆಚ್ಚಿನವರು ಕೊನೆಯ ಸೆಕೆಂಡಿನವರೆಗೆ ಕೇಳಿದ್ದಾರೆ ಎಂದರು. ಸಂಗೀತವಿಲ್ಲದ ಇದು ಬೇಡ ಎಂದು ಕಂಪನಿ ಒಂದು ತಿಂಗಳು ನಿನ್ನ ಜೊತೆ ಜಗಳವಾಡಿತಂತೆ. ಬೇಕಾದರೆ ಬೇರೆ ಹತ್ತನ್ನು ತೆಗೆಯಿರಿ, ಇದು ಇರಲಿ ಎಂದೆಯಂತೆ. ಇದೆಲ್ಲ ನನಗೆ ಹೊಸದು. ಏಳುವಾಗ ಆ ಹೆಂಗಸು ಮೆತ್ತಗೆ ಕೇಳಿದರು.

‘ಹನ್ನೊಂದು ಹಾಡಿತ್ತಲ್ಲ ಅಮ್ಮ. ಅದನ್ನೇ ಯಾಕೆ ಆರಿಸಿದ್ರಿ?’

‘ಚಿಕ್ಕದು ಅಂತ.’

‘ನೀವು ಕೇಳಿದೀರಾ ಅದನ್ನ?’

ಮೂರು ಲಕ್ಷ ಸಲ ಓಡಿಸಿದವಳು ನಾನು. ಇಲ್ಲ ಎಂದೆ. ಅವರು ಬಾಗಿಲು ತೆರೆದು ಹಿಡಿದರು.

ಯಾಕೆ ಕೇಳಲಿಲ್ಲ ಎಂದರೆ, ಮರಿ, ಹೆದರಿಕೆ. ನೀನು ತಾಳಕ್ಕೆ ನುಡಿಯುವಾಗ ತಡೆಯುವುದಿಲ್ಲ ಎಂದು ಗೊತ್ತು, ಆದರೂ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಎಂದು ಪ್ರತಿ ಸಲ ಜೀವ ಬಾಯಿಗೆ ಬರುತ್ತದೆ. ನಿನ್ನ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದೆನಲ್ಲ, ಅಮ್ಮನಿಗೆ ಹಾಡೆಲ್ಲ ಬಾಯಿಪಾಠ ಎಂದು ನಿನ್ನ ಗೆಳೆಯರು ನಗುತ್ತಿದ್ದರು. ಬಾಯಿಪಾಠವಲ್ಲ ಅದು, ನೀನು ಬಿದ್ದರೆ ಹಿಡಿಯಲು ನಿಂತಿದ್ದೆ. ಸದ್ದಿಲ್ಲದ ಮೂವತ್ತೊಂದು ಫೋನು ನನಗೆ ಅನುಕೂಲವಾಗಿತ್ತು. ನಿನಗೆ ಸಹಾಯವೂ ಆಗುತ್ತಿತ್ತು, ನಿನ್ನ ದನಿ ಕೇಳಬೇಕಾಗಿಯೂ ಇರಲಿಲ್ಲ. ಹೀಗೆ ಬರೆದ ಮೇಲೆ ಎಷ್ಟು ಕೆಟ್ಟದಾಗಿ ಕಾಣುತ್ತದೆ ನೋಡು.

ಸಿಟ್ಟು ಮಾಡಿಕೊ. ಎಷ್ಟು ದಿನ ಬೇಕೋ ಅಷ್ಟು ದಿನ ಮಾಡಿಕೊ, ನಡುವೆ ಊಟ ಮಾತ್ರ ಬಿಡಬೇಡ. ನೂರು ವರ್ಷ ಗಟ್ಟಿಯಾಗಿ ಬಾಳು. ನಿನ್ನ ಮೇಲೆ ಬಿದ್ದ ಮಾತೆಲ್ಲ ನನ್ನ ತಲೆಗೆ ಬರಲಿ. ಕಂಪನಿ ಇರಲಿ ಬಿಡಲಿ, ನಿನ್ನ ದನಿಗೆ ಕಿವಿ ಕೊಡುವವರು ನಾಲ್ಕು ಸಾವಿರವಾದರೂ ಸರಿ, ಎಂದೂ ಇರಲಿ. ಅಪ್ಪ ತಲೆ ನೇವರಿಸಿದ್ದೇನೆ ಎಂದು ಬರೆ ಎನ್ನುತ್ತಿದ್ದಾರೆ.

ಇಂತಿ,
ನಿನ್ನ ಅಮ್ಮ

ಅದೇ ದಿನ ಸಂಜೆ, ಲಕೋಟೆಗೆ ಅಂಟು ಹಚ್ಚುವ ಮೊದಲು:

ಅಪ್ಪ ಕಾಗದ ಮುಗೀತಾ ಎಂದು ಕೇಳಿದರು. ಮುಗಿಯಿತು ಎಂದೆ. ಕುರ್ಚಿ ಎಳೆದು ಕೂರಿಸಿ, ತಮ್ಮ ಇಯರ್‌ಫೋನನ್ನು ನನ್ನ ಎರಡು ಕಿವಿಗೂ ಸಿಕ್ಕಿಸಿ, ‘ಮೊದಲನೇದೇ ಹಾಕ್ತೀನಿ. ಮಧ್ಯ ಬಾಯಿ ಹಾಕಬೇಡ’ ಅಂದರು.

ಮೊದಲು ಬರೀ ಉಸಿರು. ಆಮೇಲೆ ‘ಆ’. ಮತ್ತೆ ‘ಆ’. ತಾಳವಿಲ್ಲ, ಏನಿಲ್ಲ, ನೀನೊಬ್ಬಳೇ. ನನ್ನ ತುಟಿ ತಾನಾಗಿ ಅಲ್ಲಾಡಿತು, ಆದರೆ ನೀನು ಏನು ಹೇಳಲು ಹೊರಟಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ನಿನ್ನ ಮಾತು ಮುಗಿಯುವವರೆಗೆ ಕಾದೆ. ನಾಲ್ಕೇ ಪದ. ‘ಆಂಟಿ, ನನಗೆ ಮಾತು ಬರುತ್ತೆ.’

ನಿನಗೆ ಎಂಟು ವರ್ಷ. ಆ ಹಳೇ ಓಣಿಯ ಮನೆಗೆ ಸಾಮಾನು ಏರಿಸುತ್ತಿದ್ದೆವು. ಕೆಳಮನೆಯ ಆಂಟಿ ಮೆಟ್ಟಿಲಲ್ಲಿ ನಿನ್ನ ಹೆಸರು ಕೇಳಿದರು. ನೀನು ಮೊದಲ ಅಕ್ಷರದಲ್ಲೇ ನಿಂತೆ, ಮುಖ ಕೆಂಪಾಯಿತು, ಹಿಂದೆ ಸಾಮಾನು ಹೊತ್ತವರು ಕಾಯುತ್ತಿದ್ದರು. ನಾಚಿಕೆಯಾಯಿತು ನನಗೆ. ‘ಅವಳಿಗೆ ಮಾತು ಬರಲ್ಲ, ಕೇಳಬೇಡಿ’ ಎಂದುಬಿಟ್ಟೆ. ಅವರು ಅಯ್ಯೋ ಪಾಪ ಎಂದರು, ನಾನು ಹೌದು ಎಂದೆ. ಆ ಓಣಿಯಲ್ಲಿದ್ದ ಎರಡು ವರ್ಷ ನೀನು ಮನೆಯ ಹೊರಗೆ ಒಂದು ಅಕ್ಷರ ಆಡಲಿಲ್ಲ. ನಾನು ಅದನ್ನು ಕಾಯಿಲೆ ಎಂದುಕೊಂಡೆ, ಮೂರು ಡಾಕ್ಟರಿಗೆ ತೋರಿಸಿದೆ. ಅಮ್ಮ ಸುಳ್ಳುಗಾತಿ ಆಗಬಾರದು ಎಂದು ನೀನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹತ್ತೊಂಬತ್ತು ವರ್ಷದ ಮೇಲೆ, ಇವತ್ತು ಗೊತ್ತಾಯಿತು. ಈ ಸಲ ಆ ನಕ್ಷೆಯ ಮುಂದೆ ಕೂತು ಗೊತ್ತಿಲ್ಲ ಎಂದದ್ದೂ ಅದಕ್ಕೇ.

ಸಾಕು, ಮರಿ. ಇನ್ನು ಯಾರು ಕೇಳಿದರೂ ನಮ್ಮಮ್ಮ ಸುಳ್ಳು ಹೇಳಿದ್ದಳು ಎಂದು ಹೇಳು. ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ, ನೀನೇ ಹೇಳು.